ಕೊಟ್ಟಿಗೆ, ಕೋಳಿಮನೆ ಮತ್ತು ಸಾಂಕ್ರಾಮಿಕ ರೋಗ: ಮಾಂಸಾಹಾರದ ಪ್ರಶ್ನೆಗೆ ಒಂದು ಚಾರಿತ್ರಿಕ ಪೀಠಿಕೆ

೧

ಮಾಂಸವನ್ನು ತಿನ್ನಬಹುದೆ, ತಿನ್ನಬಾರದೆ ಎಂಬ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಕ್ರಿ.ಶ. ೧೨೦೯ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯ ಕಥೆ ತಿರುಗುವುದೇ ಒಂದು ಕೋಳಿಯ ಬಲಿಯಿಂದ, ಅದೂ ಜೀವವಿರುವ ಕೋಳಿಯಲ್ಲ, ಹಿಟ್ಟಿನಿಂದ ಮಾಡಿದ್ದು. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರನು ಆ ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಗೊಟ್ಟನು. ಕೊಲ್ಲುವ ಸಂಕಲ್ಪಮಾತ್ರದಿಂದಲೇ ತಾಯಿಮಕ್ಕಳಿಬ್ಬರೂ ಹಲವು ಜನ್ಮಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ತೊಳಲಬೇಕಾಯಿತು. ಮಾಂಸಾಹಾರವನ್ನು ಕುರಿತ ನಮ್ಮ ಚರ್ಚೆ ಅಂದಿನಿಂದ ಇಂದಿನವರೆಗೆ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದಿದೆ. ಕೊಲ್ಲುವವನ ಮನಸ್ಸು ಎಂತಹದು, ತಿನ್ನುವವನ ಕುಲ ಯಾವುದು, ದಯೆಯ ಎಲ್ಲೆ ಎಲ್ಲಿಯವರೆಗೆ ಎಂಬಿವೇ ಅದರಲ್ಲಿ ಮುಖ್ಯವಾದ ವಿಚಾರಗಳು.

ಈಚಿನ ನೂರೈವತ್ತು ವರ್ಷಗಳ ರೋಗಚರಿತ್ರೆ ಅದೇ ಪ್ರಶ್ನೆಯನ್ನು ಬೇರೊಂದು ಬಾಗಿಲಿನಿಂದ ಒಳಕ್ಕೆ ತಂದಿದೆ. ಆಹಾರಕ್ಕಾಗಿ ಪ್ರಾಣಿಗಳನ್ನು ಸಾಕುವ ಸ್ಥಳಗಳಿಂದ ಹೊಸ ಹೊಸ ವೈರಸ್‌ಗಳು ಮನುಷ್ಯರಿಗೆ ದಾಟಿಬಂದ ನಿದರ್ಶನಗಳು ಒಂದರ ಮೇಲೊಂದರಂತೆ ಒದಗಿವೆ. ಆದುದರಿಂದ ಜನರು ಮಾಂಸಾಹಾರವನ್ನು ಕಡಿಮೆಮಾಡಬೇಕೆಂಬ ವಾದವು ಹುಟ್ಟಿಕೊಂಡಿದೆ. ಇದನ್ನು ಕೇಳಿದೊಡನೆ ಶಾಕಾಹಾರಿಗಳಾದ ನಮ್ಮಲ್ಲಿ ಕೆಲವರು ‘ನಾವು ಮೊದಲೇ ಹೇಳಿರಲಿಲ್ಲವೆ?’ ಎನ್ನುತ್ತಾರೆ. ಮಾಂಸಾಹಾರಿಗಳಲ್ಲಿ ಕೆಲವರು, ಹಳೆಯ ಜಾತಿಯ ಹಮ್ಮೇ ವಿಜ್ಞಾನದ ವೇಷ ತೊಟ್ಟು ಬಂದಿದೆ ಎನ್ನುತ್ತಾರೆ. ಎರಡೂ ಚರಿತ್ರೆಯನ್ನು ನೋಡದೆ ಆಡಿದ ಮಾತುಗಳೆಂದು ನನ್ನ ಅಭಿಪ್ರಾಯ. ಎಷ್ಟು ಪ್ರಾಣಿಗಳನ್ನು, ಎಷ್ಟು ಒತ್ತಾಗಿ ಕೂಡಿಹಾಕಿ, ಎಷ್ಟು ಬೇಗನೆ ಬೆಳೆಸಿ, ಎಷ್ಟು ದೂರ ಸಾಗಿಸುತ್ತೇವೆ ಎಂಬುದೇ ಈ ಚರಿತ್ರೆಯಲ್ಲಿ ನಿರ್ಣಾಯಕವಾದ ಸಂಗತಿ. ತಟ್ಟೆಯಲ್ಲಿರುವುದು ಮಾಂಸವೋ ಹಾಲೋ ಎಂಬುದು ಆಮೇಲಿನ ಮಾತು. ಇದನ್ನು ಕೆಲವು ನಿದರ್ಶನಗಳಿಂದ ತೋರಿಸಿ, ಯಾರು ಎಷ್ಟನ್ನು ಕಡಿಮೆಮಾಡಬೇಕೆಂಬ ವಿಚಾರಕ್ಕೆ ಬರುವುದು ಈ ಲೇಖನದ ಉದ್ದೇಶ.

೨

ಮೊದಲು ಹಳೆಯದೊಂದು ರೋಗವನ್ನು ನೋಡೋಣ. ರಿಂಡರ್‌ಪೆಸ್ಟ್ ಎಂಬುದು ದನಗಳ ಮಹಾಮಾರಿ. ಜ್ವರ, ಬಾಯಿಹುಣ್ಣು, ಭೇದಿಗಳಿಂದ ನರಳಿ ದನಗಳು ಹತ್ತು ಹನ್ನೆರಡು ದಿನಗಳೊಳಗಾಗಿ ಸಾಯುತ್ತಿದ್ದುವು. ಊರಿಗೆ ಊರೇ ಎತ್ತುಗಳಿಲ್ಲದೆ ಉಳುಮೆ ನಿಲ್ಲುತ್ತಿದ್ದಿತು. ಭಾರತದ ದನಗಳ ರೋಗಗಳನ್ನು ವಿಚಾರಿಸಲು ಬ್ರಿಟಿಷ್ ಸರ್ಕಾರವು ನೇಮಿಸಿದ ಆಯೋಗವು ೧೮೭೧ರಲ್ಲಿ ವರದಿಯನ್ನು ಸಲ್ಲಿಸಿತು. ೧೮೮೯ರಲ್ಲಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಎಂಬ ಪ್ರಯೋಗಶಾಲೆ ಸ್ಥಾಪಿತವಾಯಿತು. ರೋಗದ ಬೀಜಗಳನ್ನು ಜನವಸತಿಯ ನಡುವೆ ಇಟ್ಟುಕೊಳ್ಳುವುದು ಅಪಾಯಕರವೆಂದು ತಿಳಿದು, ೧೮೯೩ರಲ್ಲಿ ಅದನ್ನು ಕುಮಾಯೂಂ ಬೆಟ್ಟಗಳ ಮುಕ್ತೇಶ್ವರಕ್ಕೆ ಸಾಗಿಸಿದರು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಇದೇ. ಮೈಸೂರು ಸಂಸ್ಥಾನದಲ್ಲಿಯೂ ೧೯೨೦ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ಹುಟ್ಟಿದುದು ಮುಖ್ಯವಾಗಿ ಈ ರೋಗವನ್ನು ಎದುರಿಸುವುದಕ್ಕಾಗಿ. ಲಸಿಕೆಯ ಬಲದಿಂದ ರಿಂಡರ್‌ಪೆಸ್ಟ್ ಭೂಮಿಯಿಂದಲೇ ನಿರ್ಮೂಲವಾಯಿತೆಂದು ೨೦೧೧ರಲ್ಲಿ ಘೋಷಿಸಲಾಯಿತು. ಸಿಡುಬಿನ ತರುವಾಯ ಮನುಷ್ಯನು ಸಂಪೂರ್ಣವಾಗಿ ಗೆದ್ದ ಎರಡನೆಯ ವೈರಸ್ ರೋಗವಿದು.

ಈ ರೋಗವು ಮನುಷ್ಯರಿಗೆ ಅಂಟುತ್ತಿರಲಿಲ್ಲ. ಆದರೆ ಅದರ ಹತ್ತಿರದ ಬಂಧುವೊಂದು ನಮ್ಮ ಮಕ್ಕಳನ್ನು ಶತಮಾನಗಳಿಂದ ಕಾಡುತ್ತಿದೆ. ಅದು ದಡಾರ. ಎರಡು ವೈರಸ್‌ಗಳ ಅನುವಂಶಿಕ ರಚನೆಯನ್ನು ಹೋಲಿಸಿದ ವಿಜ್ಞಾನಿಗಳು, ದನಗಳ ವೈರಸಿನ ಪೂರ್ವಜದಿಂದ ದಡಾರವು ಕ್ರಿ.ಪೂ. ಆರನೆಯ ಶತಮಾನದ ಸುಮಾರಿಗೆ ಬೇರ್ಪಟ್ಟಿರಬಹುದೆಂದು ೨೦೨೦ರಲ್ಲಿ ಪ್ರಕಟಿಸಿದರು. ದಡಾರವು ನಿರಂತರವಾಗಿ ಬದುಕಿಕೊಂಡಿರಬೇಕಾದರೆ ಕೆಲವು ಲಕ್ಷ ಜನರ ವಸತಿ ಬೇಕು; ಅಂತಹ ದೊಡ್ಡ ನಗರಗಳು ಏಳುತ್ತಿದ್ದ ಕಾಲಕ್ಕೂ ಈ ಲೆಕ್ಕಕ್ಕೂ ಹೊಂದಾಣಿಕೆಯಿದೆ.

ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ದನಗಳು ಮನುಷ್ಯರ ಮಗ್ಗುಲಿಗೆ ಬಂದುದು ಮಾಂಸಕ್ಕಾಗಿ ಮಾತ್ರವಲ್ಲ. ನೇಗಿಲಿಗಾಗಿ, ಗಾಡಿಗಾಗಿ, ಹಾಲಿಗಾಗಿ, ಗೊಬ್ಬರಕ್ಕಾಗಿ. ಒಂದೇ ಸೂರಿನಡಿಯಲ್ಲಿ ದನವೂ ಮನುಷ್ಯನೂ ಉಸಿರಾಡಿದುದರ ಫಲವಾಗಿ ದಡಾರವು ನಮಗೆ ಬಂದಿತು. ಹಿಂಡು ದೊಡ್ಡದಾದಷ್ಟೂ, ನಗರ ದೊಡ್ಡದಾದಷ್ಟೂ ವೈರಸಿಗೆ ಅನುಕೂಲವೆಂಬ ಸೂತ್ರವು ಅಲ್ಲಿಂದಲೇ ಕಾಣಬರುತ್ತದೆ.

೩

ಹಿಂಡು ದೊಡ್ಡದಾದ ಬಗೆಯನ್ನು ತಿಳಿಯಲು ಕೋಳಿಯ ಚರಿತ್ರೆಯೇ ಸಾಕು. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಎಲ್ಲ ದೇಶಗಳಲ್ಲಿಯೂ ಕೋಳಿ ಹಿತ್ತಲಿನ ಪಕ್ಷಿ. ಮೊಟ್ಟೆಗಾಗಿ ಸಾಕಿ, ಮೊಟ್ಟೆ ನಿಂತಮೇಲೆಯೋ ಹಬ್ಬಕ್ಕೋ ನೆಂಟರಿಗೋ ಕೊಯ್ಯುತ್ತಿದ್ದರು. ೧೯೨೩ರಲ್ಲಿ ಅಮೆರಿಕದ ಡೆಲಾವೇರ್ ಸಂಸ್ಥಾನದ ಸಿಸೀಲ್ ಸ್ಟೀಲ್ ಎಂಬ ರೈತ ಮಹಿಳೆ ೫೦ ಮರಿಗಳನ್ನು ಬೇಡಿದಾಗ ತಪ್ಪಿನಿಂದ ೫೦೦ ಮರಿಗಳು ಬಂದುವೆಂದೂ, ಅವುಗಳನ್ನು ಹಿಂದಿರುಗಿಸದೆ ಬೆಳೆಸಿ ಮಾಂಸಕ್ಕಾಗಿ ಮಾರಿ ಲಾಭ ಪಡೆದಳೆಂದೂ ಪ್ರಸಿದ್ಧವಾಗಿದೆ. ಬ್ರಾಯ್ಲರ್ ಉದ್ಯಮದ ಮೊದಲಂಕವೆಂದು ಇದನ್ನು ಗಣಿಸುತ್ತಾರೆ. ತರುವಾಯ ವಿಟಮಿನ್ ಬೆರೆಸಿದ ಆಹಾರ, ಮೇವಿನಲ್ಲಿ ಆಂಟಿಬಯಾಟಿಕ್, ಆರು ವಾರಗಳಲ್ಲಿ ಎರಡು ಕಿಲೋಗ್ರಾಮು ತೂಗುವ ತಳಿಗಳು, ಹತ್ತಾರು ಸಾವಿರ ಹಕ್ಕಿಗಳ ಶೆಡ್ಡುಗಳು ಕ್ರಮವಾಗಿ ಬಂದುವು.

೧೯೬೧ರಲ್ಲಿ ಜಗತ್ತಿನ ಮಾಂಸೋತ್ಪತ್ತಿ ಸುಮಾರು ೭ ಕೋಟಿ ಟನ್ನುಗಳಾಗಿದ್ದಿತು. ಅರವತ್ತು ವರ್ಷಗಳಲ್ಲಿ ಅದು ೩೫ ಕೋಟಿ ಟನ್ನುಗಳನ್ನು ಮುಟ್ಟಿದೆ. ಜನಸಂಖ್ಯೆ ಎರಡೂವರೆ ಪಟ್ಟಾಗುವಷ್ಟರಲ್ಲಿ ಮಾಂಸ ಐದು ಪಟ್ಟಾಗಿದೆ. ಭಾರತದಲ್ಲಿ ೧೯೫೧ರ ಗಣತಿಯಂತೆ ಸುಮಾರು ೭ ಕೋಟಿ ೩೫ ಲಕ್ಷವಿದ್ದ ಸಾಕುಹಕ್ಕಿಗಳು ೨೦೧೯ರ ಗಣತಿಯಲ್ಲಿ ೮೫ ಕೋಟಿಯನ್ನು ಮೀರಿದುವು. ಅವುಗಳಲ್ಲಿ ಹಿತ್ತಲಿನವು ಸುಮಾರು ೩೨ ಕೋಟಿ. ಉಳಿದವು ವ್ಯಾಪಾರದ ಕೋಳಿಮನೆಗಳವು.

ಈ ಕೂಟವು ವೈರಸಿಗೆ ಏನು ಮಾಡುತ್ತದೆ? ಕಾಡುಬಾತುಗಳ ಕರುಳಿನಲ್ಲಿ ಇನ್‌ಫ್ಲುಯೆಂಜಾ ವೈರಸ್‌ಗಳು ಸಾಮಾನ್ಯವಾಗಿ ಹೆಚ್ಚು ತೊಂದರೆ ಕೊಡದೆ ವಾಸಿಸುತ್ತವೆ. ಆತಿಥೇಯ ಪಕ್ಷಿ ಸತ್ತರೆ ವೈರಸಿನ ಪ್ರಯಾಣವೂ ನಿಲ್ಲುತ್ತದೆ. ಆದುದರಿಂದ ಕಾಡಿನಲ್ಲಿ ಸೌಮ್ಯತೆಯೇ ಅದಕ್ಕೆ ಲಾಭ. ಒಂದೇ ತಳಿಯ, ಒಂದೇ ವಯಸ್ಸಿನ ಸಾವಿರಾರು ಕೋಳಿಗಳು ರೆಕ್ಕೆಗೆ ರೆಕ್ಕೆ ತಾಗಿಸಿ ನಿಂತಿರುವಲ್ಲಿ ಈ ಕಟ್ಟು ಸಡಿಲುತ್ತದೆ. ಒಂದು ಹಕ್ಕಿ ಸಾಯುವ ಮೊದಲೇ ಪಕ್ಕದ ಹತ್ತು ಹಕ್ಕಿಗಳು ಸಿಕ್ಕಿರುತ್ತವೆ. ೧೮೭೮ರಲ್ಲಿ ಇಟಲಿಯ ಪೆರೊನ್ಚಿಟೊ ಎಂಬ ವಿದ್ವಾಂಸನು ವರ್ಣಿಸಿದ ಕೋಳಿಗಳ ಮಾರಿಯು ಇನ್‌ಫ್ಲುಯೆಂಜಾ ಜಾತಿಯದೇ ಎಂದು ೧೯೫೫ರಲ್ಲಿ ಜರ್ಮನಿಯ ವರ್ನರ್ ಶೇಫರ್ ತೋರಿಸಿಕೊಟ್ಟನು. ೧೯೮೩ರ ಏಪ್ರಿಲಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕೋಳಿಮನೆಗಳಲ್ಲಿ ಸೌಮ್ಯವಾದ ಒಂದು ಫ್ಲೂ ಹರಡಿತು. ಆರು ತಿಂಗಳು ಕೋಳಿಯಿಂದ ಕೋಳಿಗೆ ಸುತ್ತಿದ ಅದೇ ವೈರಸ್ ಅಕ್ಟೋಬರಿನಲ್ಲಿ ಮಾರಕವಾಗಿ ತಿರುಗಿತು. ಅದನ್ನು ನಿಲ್ಲಿಸುವಷ್ಟರಲ್ಲಿ ಸುಮಾರು ೧ ಕೋಟಿ ೭೦ ಲಕ್ಷ ಹಕ್ಕಿಗಳು ನಾಶವಾದುವು. ಕೋಳಿಮನೆಯು ಹೊರಗಿನ ವೈರಸಿಗೆ ಆಶ್ರಯ ಕೊಡುವುದಷ್ಟೇ ಅಲ್ಲದೆ ಅದರ ಸ್ವಭಾವವನ್ನೂ ಬದಲಿಸಬಲ್ಲದೆಂಬುದಕ್ಕೆ ಇದು ಸ್ಪಷ್ಟವಾದ ಸಾಕ್ಷ್ಯ.

೪

ಮನುಷ್ಯರಿಗೆ ರೋಗವು ದಾಟಿದ ಬಗೆಯನ್ನು ಅರಿಯಲು ಮಲೇಷಿಯಾದ ೧೯೯೮–೯೯ರ ಘಟನೆ ಅತ್ಯಂತ ಬೋಧಪ್ರದವಾದುದು. ಆ ದೇಶದ ಪೆರಾಕ್ ಸಂಸ್ಥಾನದ ಇಪೋ ನಗರದ ಸುತ್ತ ದೊಡ್ಡ ಹಂದಿಸಾಕಣೆಯ ಕೇಂದ್ರಗಳಿದ್ದುವು. ರೋಗವು ಮೊದಲು ಕಾಣಿಸಿತೆಂದು ಗುರುತಿಸಲಾದ ಕೇಂದ್ರದಲ್ಲಿ ೩೦,೦೦೦ಕ್ಕೂ ಹೆಚ್ಚು ಹಂದಿಗಳಿದ್ದುವು. ಹಂದಿದೊಡ್ಡಿಗಳ ಪಕ್ಕದಲ್ಲಿಯೇ ಮಾವು ಮೊದಲಾದ ಹಣ್ಣಿನ ಮರಗಳು. ಒಂದೇ ಜಮೀನಿನಿಂದ ಎರಡು ಆದಾಯ ಬರುವಾಗ ಈ ಏರ್ಪಾಟಿನಲ್ಲಿ ಯಾರಿಗೂ ದೋಷ ಕಾಣುವಂತಿರಲಿಲ್ಲ. ಆದರೆ ಹಣ್ಣಿನ ಮರಕ್ಕೆ ದೊಡ್ಡ ಬಾವಲಿಗಳು ಬರುತ್ತಿದ್ದುವು. ಅವು ಅರೆತಿಂದ ಹಣ್ಣುಗಳು ದೊಡ್ಡಿಯೊಳಕ್ಕೆ ಉದುರುತ್ತಿದ್ದುವು. ಅವನ್ನು ಹಂದಿಗಳು ತಿನ್ನುತ್ತಿದ್ದುವು. ಬಾವಲಿಗಳಲ್ಲಿ ಎಷ್ಟೋ ಕಾಲದಿಂದ ಸದ್ದಿಲ್ಲದೆ ಇದ್ದ ವೈರಸೊಂದು ಹಂದಿಗಳಿಗೆ ಹೀಗೆ ಸೇರಿತು. ಹಂದಿಗಳು ಗಟ್ಟಿಯಾಗಿ ಕೆಮ್ಮತೊಡಗಿದುವು. ಆದರೆ ಬಹುಪಾಲು ಸಾಯಲಿಲ್ಲ. ಚಿಕ್ಕ ಹಿಂಡಿನಲ್ಲಿ ರೋಗವು ಎಲ್ಲ ಹಂದಿಗಳಿಗೂ ತಗುಲಿ ತಾನಾಗಿ ಆರಿಹೋಗುತ್ತಿತ್ತು. ವಾರವಾರವೂ ಹೊಸ ಮರಿಗಳು ಹುಟ್ಟುವ ಮೂವತ್ತು ಸಾವಿರದ ಹಿಂಡಿನಲ್ಲಿ ಅದಕ್ಕೆ ಹೊಸ ಆಹುತಿಗಳಿಗೆ ಕೊರತೆಯೇ ಇರಲಿಲ್ಲ.

೧೯೯೮ರ ಸೆಪ್ಟೆಂಬರಿನ ಕೊನೆಯಿಂದ ಹಂದಿಸಾಕುವವರು ಮಿದುಳುಜ್ವರದಿಂದ ಹಾಸಿಗೆ ಹಿಡಿದರು. ಇದು ಸೊಳ್ಳೆಗಳಿಂದ ಹರಡುವ ಜಪಾನೀ ಮಿದುಳುಜ್ವರವೆಂದು ಅಧಿಕಾರಿಗಳು ತೀರ್ಮಾನಿಸಿ, ಸೊಳ್ಳೆಗಳಿಗೆ ಹೊಗೆ ಹಾಕಿಸಿದರು, ಜನರಿಗೂ ಹಂದಿಗಳಿಗೂ ಲಸಿಕೆ ಹಾಕಿಸಿದರು. ಆದರೆ ಸಂಗತಿಗಳು ಈ ತೀರ್ಮಾನಕ್ಕೆ ಒಪ್ಪುತ್ತಿರಲಿಲ್ಲ. ಜಪಾನೀ ಜ್ವರ ಹೆಚ್ಚಾಗಿ ಮಕ್ಕಳನ್ನು ಹಿಡಿಯುತ್ತದೆ. ಇಲ್ಲಿ ಸಾಯುತ್ತಿದ್ದವರು ಹಂದಿಗಳ ಕೆಲಸ ಮಾಡುವ ವಯಸ್ಕ ಗಂಡಸರು. ಲಸಿಕೆ ಪಡೆದವರೂ ಸತ್ತರು. ಪಕ್ಕದಲ್ಲಿಯೇ ವಾಸಿಸುತ್ತಿದ್ದು ಹಂದಿಗಳನ್ನು ಮುಟ್ಟದ ಮುಸಲ್ಮಾನ ನೆರೆಯವರಿಗೆ ಏನೂ ಆಗಲಿಲ್ಲ. ಸೊಳ್ಳೆಗೆ ಇಂತಹ ಮತಭೇದವಿರಲಾರದು.

ತೀರ್ಮಾನ ತಪ್ಪಿದುದರ ಬೆಲೆ ದೊಡ್ಡದಾಯಿತು. ರೋಗದ ಸುದ್ದಿಯಿಂದ ಬೆಲೆ ಕುಸಿಯಿತು. ಸಾಲಗಾರರಾದ ಸಾಕಣೆಗಾರರು ಹಂದಿಗಳನ್ನು ಅಗ್ಗವಾಗಿ ಮಾರಿ ಕೈತೊಳೆದುಕೊಂಡರು. ಲಾರಿಗಳಲ್ಲಿ ಹಂದಿಗಳೂ ಹಂದಿಗಳೊಂದಿಗೆ ವೈರಸೂ ದಕ್ಷಿಣದ ನೆಗೆರಿ ಸೆಂಬಿಲಾನ್ ಸಂಸ್ಥಾನವನ್ನು ತಲಪಿದುವು. ಅಲ್ಲಿಂದ ಸಿಂಗಪುರಕ್ಕೆ ಹೋದ ಹಂದಿಗಳಿಂದ ಕಸಾಯಿಖಾನೆಯ ೧೧ ಕೆಲಸಗಾರರಿಗೆ ರೋಗವು ತಗುಲಿ ಒಬ್ಬನು ಸತ್ತನು. ೧೯೯೯ರ ಮಾರ್ಚಿಯಲ್ಲಿ ಕ್ವಾಲಾಲಂಪುರದ ಮಲಯಾ ವಿಶ್ವವಿದ್ಯಾಲಯದ ವೈದ್ಯ ಕಾವ್ ಬಿಂಗ್ ಚುವಾ ರೋಗಿಯೊಬ್ಬನಿಂದ ಹೊಸ ವೈರಸನ್ನು ಬೇರ್ಪಡಿಸಿದನು. ಆ ರೋಗಿಯ ಊರಾದ ಸುಂಗೈ ನಿಪಾದಿಂದ ಅದಕ್ಕೆ ನಿಪಾ ಎಂಬ ಹೆಸರು ಬಂದಿತು. ಮಲೇಷಿಯಾದಲ್ಲಿ ೨೬೫ ಮಂದಿಗೆ ರೋಗವು ತಗುಲಿ ೧೦೫ ಮಂದಿ ಸತ್ತರು. ಸೈನಿಕರನ್ನು ಕರೆಸಿ ಸುಮಾರು ೧೧ ಲಕ್ಷ ಹಂದಿಗಳನ್ನು ಕೊಲ್ಲಿಸಿದರು. ಹಂದಿಸಾಕಣೆಯ ಕೇಂದ್ರಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು.

ಸತ್ತವರಲ್ಲಿ ಯಾರೂ ಹಂದಿಯ ಮಾಂಸವನ್ನು ತಿಂದುದರಿಂದ ಸತ್ತರೆಂದು ಕಂಡುಬಂದಿಲ್ಲ. ಅವರು ಸತ್ತುದು ಹಂದಿಯನ್ನು ಸಾಕಿದುದರಿಂದ, ಹಿಡಿದುದರಿಂದ, ಕೊಯ್ದುದರಿಂದ. ಊಟ ಮಾಡಿದ ನಗರವಾಸಿಯ ಪಾಲಿಗೆ ರುಚಿ ಬಂದಿತು. ಅಪಾಯವೆಲ್ಲ ದುಡಿದವನ ಪಾಲಿಗೆ ಬಂದಿತು.

೫

ಮಹಾರಾಷ್ಟ್ರದಲ್ಲಿ ನೆಲಸಿದ ಕನ್ನಡಿಗರಾದ ನಮಗೆ ಇಂತಹ ಸಂಗತಿಗಳು ದೂರದವಲ್ಲ. ೧೯೯೭ರಲ್ಲಿ ಹಾಂಗ್‌ಕಾಂಗಿನ ಜೀವಂತ ಕೋಳಿಗಳ ಮಾರುಕಟ್ಟೆಗಳಿಂದ ಎಚ್೫ಎನ್೧ ಎಂಬ ಹಕ್ಕಿಜ್ವರವು ೧೮ ಮಂದಿಗೆ ತಗುಲಿ ೬ ಮಂದಿ ಸತ್ತಿದ್ದರು. ಆ ವರ್ಷದ ಕೊನೆಯಲ್ಲಿ ಅಲ್ಲಿ ಹದಿಮೂರು ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಹಕ್ಕಿಗಳನ್ನು ಕೊಂದಿದ್ದರು. ಅದೇ ಕುಲದ ವೈರಸ್ ಭಾರತದಲ್ಲಿ ಮೊದಲು ಕಾಣಿಸಿಕೊಂಡುದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ. ಭೋಪಾಲದ ಪ್ರಯೋಗಶಾಲೆಯ ಪರೀಕ್ಷೆಯ ಆಧಾರದ ಮೇಲೆ ೨೦೦೬ರ ಫೆಬ್ರವರಿ ೧೮ರಂದು ಅದನ್ನು ಪ್ರಕಟಿಸಲಾಯಿತು. ಗುಜರಾತದ ಗಡಿಯಲ್ಲಿರುವ ಆ ಚಿಕ್ಕ ಊರಿನ ಸುತ್ತ ಕೋಳಿಮನೆಗಳು ಒತ್ತೊತ್ತಾಗಿ ಬೆಳೆದಿದ್ದುವು. ಲಕ್ಷಗಟ್ಟಲೆ ಕೋಳಿಗಳನ್ನು ಕೊಂದು ಹೂಳಿದರು. ಜ್ವರ ಬಂದವರ ಮಾದರಿಗಳನ್ನು ಪುಣೆಯ ರಾಷ್ಟ್ರೀಯ ವೈರಾಲಜಿ ಸಂಸ್ಥೆಯಲ್ಲಿ ಪರೀಕ್ಷಿಸಲಾಗಿ, ಮನುಷ್ಯರಿಗೆ ರೋಗವು ದಾಟಿಲ್ಲವೆಂದು ತಿಳಿದುಬಂದಿತು. ದೇಶದಲ್ಲಿ ಮನುಷ್ಯನೊಬ್ಬ ಈ ವೈರಸಿನಿಂದ ಮೊದಲು ಸತ್ತುದು ೨೦೨೧ರ ಜುಲೈಯಲ್ಲಿ, ದೆಹಲಿಯಲ್ಲಿ. ಜಗತ್ತಿನಲ್ಲಿ ೨೦೦೩ರಿಂದೀಚೆಗೆ ಲೆಕ್ಕಕ್ಕೆ ಬಂದವರು ೯೦೦ಕ್ಕೆ ಮೇಲ್ಪಟ್ಟವರು. ಅವರಲ್ಲಿ ಅರ್ಧದಷ್ಟು ಮಂದಿ ಸತ್ತಿದ್ದಾರೆ. ಕರ್ನಾಟಕದಲ್ಲಿ ೨೦೧೨ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿದ್ದ ಕೇಂದ್ರ ಸರ್ಕಾರದ ಕೋಳಿಸಾಕಣೆಯ ಕೇಂದ್ರದ ಟರ್ಕಿ ಕೋಳಿಗಳಿಗೂ, ೨೦೧೬ರಲ್ಲಿ ಬೀದರ ಜಿಲ್ಲೆಯ ಹುಮನಾಬಾದಿನ ಕೋಳಿಮನೆಗೂ ಹಕ್ಕಿಜ್ವರವು ತಗುಲಿತು.

ಹಂದಿಯ ಮೂಲದಿಂದ ಬಂದ ಇನ್ನೊಂದು ಇನ್‌ಫ್ಲುಯೆಂಜಾ ೨೦೦೯ರಲ್ಲಿ ಜಗತ್ತನ್ನೇ ಸುತ್ತಿತು. ಹಂದಿಯ ಉಸಿರುನಾಳವು ಹಕ್ಕಿಯ ಫ್ಲೂವಿಗೂ ಮನುಷ್ಯನ ಫ್ಲೂವಿಗೂ ಸ್ಥಳ ಕೊಡುತ್ತದೆ; ಎರಡು ವೈರಸ್‌ಗಳು ಅಲ್ಲಿ ಸಂಧಿಸಿ ತಮ್ಮ ಜೀನುಗಳನ್ನು ಅದಲುಬದಲು ಮಾಡಿಕೊಳ್ಳಬಲ್ಲವು. ಹಕ್ಕಿ, ಹಂದಿ, ಮನುಷ್ಯ ಈ ಮೂವರ ಜೀನುಗಳೂ ಕೂಡಿದ ವೈರಸೊಂದು ೧೯೯೮ರಲ್ಲಿಯೇ ಅಮೆರಿಕದ ಹಂದಿಗಳಲ್ಲಿ ಸಿಕ್ಕಿದ್ದಿತು. ಅದರ ಸಂತತಿಯೂ ಯೂರೇಷಿಯಾದ ಹಂದಿಗಳ ವೈರಸೊಂದೂ ಬೆರೆತು ೨೦೦೯ರ ವೈರಸ್ ಹುಟ್ಟಿತು. ಮೊದಲ ವರ್ಷದಲ್ಲಿ ಅದರಿಂದ ಸತ್ತವರು ಜಗತ್ತಿನಲ್ಲಿ ಒಂದೂವರೆ ಲಕ್ಷಕ್ಕೂ ಐದೂಮುಕ್ಕಾಲು ಲಕ್ಷಕ್ಕೂ ನಡುವೆ ಎಂದು ಅಂದಾಜು ಮಾಡಲಾಗಿದೆ. ಭಾರತದಲ್ಲಿ ಇದರ ಮೊದಲನೆಯ ಸಾವು ಪುಣೆಯಲ್ಲಿ, ಆ ವರ್ಷದ ಆಗಸ್ಟ್ ೩ರಂದು ಸಂಭವಿಸಿತು. ಸತ್ತವಳು ಶಾಲೆಗೆ ಹೋಗುವ ಬಾಲಕಿ. ಹಂದಿದೊಡ್ಡಿಯನ್ನು ಕಣ್ಣಿನಿಂದ ನೋಡದವರ ಮನೆಗೂ ದೂರದ ಖಂಡದ ದೊಡ್ಡಿಯೊಂದು ಹೀಗೆ ಪ್ರವೇಶಿಸಬಲ್ಲದು.

ಇಷ್ಟಕ್ಕೇ ದೊಡ್ಡ ಕೋಳಿಮನೆ ಕೆಟ್ಟದ್ದು, ಹಿತ್ತಲಿನ ಕೋಳಿ ಒಳ್ಳೆಯದು ಎಂದು ಹೇಳಿ ಮುಗಿಸುವಂತಿಲ್ಲ. ೨೦೦೮ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಹಬ್ಬಿದ ಹಕ್ಕಿಜ್ವರವು ಹೆಚ್ಚಾಗಿ ಹಿತ್ತಲಿನ ಕೋಳಿಗಳದೇ; ಅಲ್ಲಿ ಸುಮಾರು ೪೦ ಲಕ್ಷ ಹಕ್ಕಿಗಳನ್ನು ಕೊಂದರು. ಉದ್ಯಮದವರು ಮುಚ್ಚಿದ ಶೆಡ್ಡೇ ಸುರಕ್ಷಿತವೆಂದು ವಾದಿಸುವುದರಲ್ಲಿ ಸ್ವಲ್ಪ ಸತ್ಯವುಂಟು. ಕಾಡುಹಕ್ಕಿಯು ಶೆಡ್ಡಿನೊಳಕ್ಕೆ ಬರುವುದು ಅಪರೂಪ. ಆದರೆ ಒಮ್ಮೆ ವೈರಸ್ ಒಳಹೊಕ್ಕರೆ ಹಿತ್ತಲಿನಲ್ಲಿ ಹತ್ತು ಕೋಳಿಗಳಿಗೆ ಮುಗಿಯುವ ರೋಗವು ಶೆಡ್ಡಿನಲ್ಲಿ ಹತ್ತು ಸಾವಿರಕ್ಕೆ ಹಬ್ಬುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಆದಂತೆ ಅದರ ಗುಣವೂ ಬದಲಾಗುವ ಅವಕಾಶ ಹೆಚ್ಚುತ್ತದೆ. ಹಿತ್ತಲಿನಲ್ಲಿ ಅಪಾಯ ಪದೇ ಪದೇ ಬರುತ್ತದೆ, ಚಿಕ್ಕದಾಗಿ ಬರುತ್ತದೆ. ಶೆಡ್ಡಿನಲ್ಲಿ ಅಪರೂಪವಾಗಿ ಬರುತ್ತದೆ, ಬಂದಾಗ ದೊಡ್ಡದಾಗಿ ಬರುತ್ತದೆ.

ಕೊಲ್ಲಿಸುವ ಆಜ್ಞೆಯ ಭಾರವಾದರೋ ಸಮನಾಗಿ ಬೀಳುವುದಿಲ್ಲ. ದೊಡ್ಡ ಉದ್ಯಮಿಗೆ ಬ್ಯಾಂಕು ಉಂಟು, ಬೇರೆ ಊರಿನಲ್ಲಿ ಇನ್ನೊಂದು ಶೆಡ್ಡು ಉಂಟು. ಆರು ಕೋಳಿ ಸಾಕಿದ ಬಡ ಹೆಂಗಸಿಗೆ ಅವೇ ಮಕ್ಕಳ ಪುಸ್ತಕದ ಹಣ, ಅವೇ ಔಷಧದ ಹಣ. ಪರಿಹಾರವು ಮಾರುಕಟ್ಟೆಯ ಬೆಲೆಗಿಂತ ಕಡಿಮೆಯಾದರೆ, ಅಥವಾ ತಡವಾದರೆ, ಅವಳು ಕೋಳಿಯನ್ನು ಬುಟ್ಟಿಯಡಿಯಲ್ಲಿ ಬಚ್ಚಿಡುತ್ತಾಳೆ. ಬಚ್ಚಿಟ್ಟ ಕೋಳಿ ರೋಗವನ್ನು ಉಳಿಸುತ್ತದೆ. ಸಾಕಣೆಗಾರನ ನಷ್ಟವೇ ವೈರಸಿನ ವಾಹನವಾಗುತ್ತದೆಂಬುದನ್ನು ಮಲೇಷಿಯಾದ ಹಂದಿಗಳು ಆಗಲೇ ತೋರಿಸಿದ್ದುವು.

೬

ಇಷ್ಟನ್ನು ಓದಿದ ಶಾಕಾಹಾರಿಯು ತಾನು ಈ ಲೆಕ್ಕದಿಂದ ಹೊರಗೆಂದು ಭಾವಿಸಿದರೆ, ಅದಕ್ಕೆ ಉತ್ತರವು ನಮ್ಮ ಮಲೆನಾಡಿನಲ್ಲಿಯೇ ಇದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುವು. ಸುತ್ತಲಿನ ಜನರಿಗೆ ವಿಚಿತ್ರವಾದ ಜ್ವರ ಬಂದಿತು. ಆಫ್ರಿಕದ ಹಳದಿಜ್ವರವೇ ಭಾರತಕ್ಕೆ ಬಂದಿತೇನೋ ಎಂಬ ಭೀತಿಯುಂಟಾಯಿತು. ೧೯೫೨ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅಲ್ಲಿಗೆ ಹೋಗಿ, ಉಣ್ಣೆಗಳಿಂದ ಹರಡುವ ಹೊಸದೊಂದು ವೈರಸನ್ನು ಕಂಡುಹಿಡಿದರು. ಇಂದಿಗೂ ಅದು ಕ್ಯಾಸನೂರು ಕಾಡಿನ ಕಾಯಿಲೆಯೆಂದೂ ಮಂಗನ ಕಾಯಿಲೆಯೆಂದೂ ಪ್ರಸಿದ್ಧವಾಗಿದೆ. ಕಾಡನ್ನು ಕಡಿದು ಗದ್ದೆಮಾಡಿ, ದನಗಳನ್ನು ಕಾಡಿನಂಚಿನಲ್ಲಿ ಮೇಯಿಸಿದುದರಿಂದ ಉಣ್ಣೆಗಳು ಹೆಚ್ಚಿದುವೆಂದು ಅಲ್ಲಿ ಕೆಲಸ ಮಾಡಿದ ಬೊಶೆಲ್ ಎಂಬ ವಿಜ್ಞಾನಿ ೧೯೬೯ರಲ್ಲಿ ಪ್ರತಿಪಾದಿಸಿದನು. ವೈರಸನ್ನು ಹರಡುವುದರಲ್ಲಿ ದನಗಳ ಪಾತ್ರ ಅಲ್ಪವಾದರೂ ಬೆಳೆದ ಉಣ್ಣೆಗಳಿಗೆ ದನದ ರಕ್ತವೇ ದೊಡ್ಡ ಆಹಾರ. ಆ ದನಗಳನ್ನು ಮಾಂಸಕ್ಕಾಗಿ ಸಾಕಿರಲಿಲ್ಲ. ಅವು ಹಾಲಿನ ಹಸುಗಳು, ಗದ್ದೆಯ ಎತ್ತುಗಳು, ಗೊಬ್ಬರದ ಆಧಾರಗಳು.

ಬೇರೆ ನಿದರ್ಶನಗಳೂ ಉಂಟು. ಬಂಗ್ಲಾದೇಶದಲ್ಲಿ ೨೦೦೧ರಿಂದೀಚೆಗೆ ನಿಪಾ ಹರಡಿದುದು ಹಂದಿಯಿಂದಲ್ಲ. ಬಾವಲಿಗಳು ಬಾಯಿಹಾಕಿದ ಈಚಲುಮರದ ಹಸಿರಸವನ್ನು ಕುಡ��ದುದರಿಂದ. ಇದಕ್ಕಿಂತ ಶುದ್ಧವಾದ ಶಾಕಾಹಾರವಿಲ್ಲ. ಕೇರಳದಲ್ಲಿ ೨೦೧೮ರಲ್ಲಿ ೧೭ ಮಂದಿಯನ್ನು ಬಲಿತೆಗೆದುಕೊಂಡ ನಿಪಾದ ನಡುವೆಯೂ ಹಂದಿಯಿರಲಿಲ್ಲ. ಅದು ಹೆಚ್ಚಾಗಿ ಆಸ್ಪತ್ರೆಗಳಲ್ಲಿ ರೋಗಿಯಿಂದ ರೋಗಿಗೆ ಹರಡಿತು. ೨೦೨೦ರ ನವೆಂಬರಿನಲ್ಲಿ ಡೆನ್ಮಾರ್ಕಿನ ಸರ್ಕಾರವು ಒಂದೂವರೆ ಕೋಟಿಗೆ ಮೇಲ್ಪಟ್ಟ ಮಿಂಕ್ ಪ್ರಾಣಿಗಳನ್ನು ಕೊಲ್ಲಲು ಆಜ್ಞಾಪಿಸಿತು. ಕೊರೋನಾ ವೈರಸ್ ಅವುಗಳಲ್ಲಿ ಹಬ್ಬಿ ಮತ್ತೆ ಮನುಷ್ಯರಿಗೆ ಮರಳುತ್ತಿದ್ದಿತು. ಅವನ್ನು ಸಾಕಿದ್ದುದು ತುಪ್ಪಳಕ್ಕಾಗಿ. ೨೦೨೪ರ ಮಾರ್ಚಿಯಲ್ಲಿ ಅಮೆರಿಕದ ಟೆಕ್ಸಾಸ್, ಕಾನ್ಸಾಸ್ ಸಂಸ್ಥಾನಗಳ ಹಾಲಿನ ಹಸುಗಳಲ್ಲಿ ಹಕ್ಕಿಜ್ವರದ ಎಚ್೫ಎನ್೧ ಕಾಣಿಸಿತು. ಅದು ಹಸುವಿನ ಕೆಚ್ಚಲಿನಲ್ಲಿ ಬೆಳೆದು, ಹಾಲುಕರೆಯುವ ಯಂತ್ರಗಳಿಂದಲೂ ಹಸುಗಳ ಸಾಗಾಣಿಕೆಯಿಂದಲೂ ಹಿಂಡಿನಿಂದ ಹಿಂಡಿಗೆ ಹಬ್ಬಿತು. ಕೆಲಸಗಾರರ ಕಣ್ಣುಗಳಿಗೂ ತಗುಲಿತು. ಹಾಲನ್ನು ಕಾಸಿದರೆ ವೈರಸ್ ಸಾಯುತ್ತದೆಯಾದುದರಿಂದ ಕುಡಿಯುವವರಿಗೆ ಭಯವಿಲ್ಲ. ಹಾಲು ಕುಡಿದವನು ಸುರಕ್ಷಿತ, ಹಾಲು ಕರೆದವನು ಅಪಾಯದಲ್ಲಿ. ಮಲೇಷಿಯಾದ ಕಥೆಯೇ ಮತ್ತೊಮ್ಮೆ ನಡೆದಂತಾಯಿತು.

೭

ಹೀಗಿರುವಲ್ಲಿ, ಜನರು ಮಾಂಸವನ್ನು ಕಡಿಮೆಮಾಡಬೇಕೆ? ಮಾಡಬೇಕೆಂದೇ ನನ್ನ ಉತ್ತರ. ಆದರೆ ಆ ಉತ್ತರಕ್ಕೆ ವಿವರಗಳುಂಟು.

ಮೊದಲನೆಯದಾಗಿ, ಈ ಮಾತು ಹೆಚ್ಚು ತಿನ್ನುವವರಿಗೆ ಹೇಳತಕ್ಕದ್ದು. ಅಮೆರಿಕದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ನೂರು ಕಿಲೋಗ್ರಾಮಿಗೆ ಮೇಲ್ಪಟ್ಟು ಮಾಂಸವು ಒದಗುತ್ತದೆ. ಭಾರತದಲ್ಲಿ ಹತ್ತಕ್ಕೂ ಕಡಿಮೆ. ವಾರಕ್ಕೊಮ್ಮೆ ಕೋಳಿಯ ಸಾರು ಉಣ್ಣುವ ಕೂಲಿಗಾರನಿಗೆ ಸಂಯಮದ ಉಪದೇಶ ಮಾಡುವುದು ಅನ್ಯಾಯ. ದಿನಕ್ಕೆರಡು ಸಲ ಕೋಳಿಯನ್ನು ಬಯಸುವ ಮುಂಬಯಿ, ಪುಣೆ, ಬೆಂಗಳೂರುಗಳ ಅನುಕೂಲಸ್ಥರಿಗೆ ಅದು ಸಲ್ಲುತ್ತದೆ.

ಎರಡನೆಯದಾಗಿ, ಯಾವುದನ್ನು ಕಡಿಮೆಮಾಡುತ್ತೇವೆ ಎಂಬುದನ್ನು ನೋಡಬೇಕು. ಆರೋಗ್ಯಕ್ಕಾಗಿ ಕುರಿಯ ಮಾಂಸವನ್ನು ಬಿಟ್ಟು ಕೋಳಿಗೆ ತಿರುಗಿದವರು ಹಲವರು. ಹತ್ತು ಹನ್ನೆರಡು ಕಿಲೋಗ್ರಾಮು ಮಾಂಸಕ್ಕೆ ಒಂದು ಕುರಿ ಸಾಕು; ಕೋಳಿಗಳಾದರೆ ಏಳೆಂಟು ಬೇಕು. ಪ್ರಾಣಿಗಳ ಸಂಖ್ಯೆಯೂ ಒತ್ತೂ ಮುಖ್ಯವಾದ ಲೆಕ್ಕದಲ್ಲಿ ಈ ಬದಲಾವಣೆ ಅಪಾಯವನ್ನು ಹೆಚ್ಚಿಸುತ್ತದೆ.

ಮೂರನೆಯದಾಗಿ, ಹಸಿವನ್ನು ತಗ್ಗಿಸುವುದರೊಡನೆ ಮಾರುಕಟ್ಟೆಯನ್ನೂ ತಿದ್ದಬೇಕು. ಹಾಂಗ್‌ಕಾಂಗಿನಲ್ಲಿ ೨೦೦೧ರಿಂದ ಜೀವಂತ ಕೋಳಿಗಳ ಮಾರುಕಟ್ಟೆಗೆ ತಿಂಗಳಿಗೆ ಗೊತ್ತಾದ ದಿನ ಬಿಡುವು ಕೊಟ್ಟು ತೊಳೆಯುವ ಪದ್ಧತಿ ಬಂದಿತು; ೨೦೦೮ರಲ್ಲಿ ರಾತ್ರಿ ಕೋಳಿಗಳನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವುದನ್ನು ನಿಷೇಧಿಸಿದರು. ಯಾರ ಊಟವನ್ನೂ ಕಸಿದುಕೊಳ್ಳದೆ ವೈರಸಿನ ಸರಪಳಿಯನ್ನು ಕಡಿಯುವ ಮಾರ್ಗಗಳಿವು. ಕೊಂದ ಪ್ರಾಣಿಗೆ ಪೂರ್ಣವಾದ ಬೆಲೆಯನ್ನು ಕೂಡಲೇ ಕೊಡುವುದು ಇವೆಲ್ಲಕ್ಕಿಂತ ಮೇಲಾದ ರೋಗನಿರೋಧ.

ನಾಲ್ಕನೆಯದು ನಮ್ಮಲ್ಲಿನ ಶಾಕಾಹಾರಿಗಳಿಗೆ ಹೇಳತಕ್ಕ ಮಾತು. ಅಹಿಂಸೆಗಾಗಿ ಮಾಂಸವನ್ನು ಬಿಟ್ಟವರ ವ್ರತ ಗೌರವಾರ್ಹವಾದುದು; ಅದಕ್ಕೆ ವೈರಸಿನ ಸಾಕ್ಷ್ಯ ಬೇಕಾಗಿಲ್ಲ. ಆದರೆ ರೋಗದ ಹೆಸರಿನಲ್ಲಿ ನೆರೆಯವನ ಅಡುಗೆಮನೆಯತ್ತ ಬೆರಳು ತೋರುವವನು ತನ್ನ ಹಾಲು, ತುಪ್ಪ, ಮೊಸರುಗಳ ಹಿಂದಿರುವ ಹಿಂಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪರಸ್ಥಳದಲ್ಲಿರುವ ಕನ್ನಡಿಗರಿಗೆ ಇದು ಬರಿಯ ತರ್ಕವಲ್ಲ. ಬಾಡಿಗೆಯ ಮನೆ ಕೇಳಿದಾಗ ಮೊದಲು ಊಟವನ್ನೇ ವಿಚಾರಿಸುವ ನಗರಗಳಲ್ಲಿ ನಾವು ವಾಸವಾಗಿದ್ದೇವೆ. ಆ ವಿಚಾರಣೆಗೆ ರೋಗದ ನೆಪವನ್ನು ಒದಗಿಸುವುದು ವಿಜ್ಞಾನಕ್ಕೂ ನೆರೆಹೊರೆಗೂ ಮಾಡುವ ಅಪಚಾರ.

ಜನ್ನನ ಅರಸನು ಹಿಟ್ಟಿನ ಕೋಳಿಯನ್ನು ಕತ್ತರಿಸಿದಾಗ ತಾನೇನು ಮಾಡುತ್ತಿರುವೆನೆಂದು ಅವನಿಗೆ ತಿಳಿದಿದ್ದಿತು. ಅವನನ್ನು ಬಾಧಿಸಿದುದು ಸಂಕಲ್ಪದ ದೋಷ. ನಮ್ಮ ಕಾಲದಲ್ಲಿ ಊಟದ ತಟ್ಟೆಗೂ ಶೆಡ್ಡಿಗೂ ನಡುವೆ ನೂರಾರು ಮೈಲಿಗಳಿವೆ. ಅಲ್ಲಿ ಎಷ್ಟು ಪ್ರಾಣಿಗಳು ಹೇಗೆ ನಿಂತಿವೆ, ಅವುಗಳ ಕೆಮ್ಮನ್ನು ಮೊದಲು ಕೇಳುವ ಕೂಲಿಗಾರ ಯಾರು ಎಂಬುದು ನಮಗೆ ತಿಳಿಯದು, ತಿಳಿಯುವ ಅಗತ್ಯವೂ ತೋರುವುದಿಲ್ಲ. ಆ ಅಜ್ಞಾನವನ್ನು ಕಳೆದುಕೊಂಡು, ಅನುಕೂಲವಿರುವವರು ತಮ್ಮ ಪಾಲನ್ನು ತಗ್ಗಿಸಿ, ದುಡಿಯುವವರ ನಷ್ಟವನ್ನು ತುಂಬಿಕೊಡುವುದು, ಈ ನೂರೈವತ್ತು ವರ್ಷಗಳ ಚರಿತ್ರೆಯಿಂದ ಹೊರಡುವ ಕರ್ತವ್ಯವೆಂದು ನನಗೆ ತೋರುತ್ತದೆ.